ಅತ್ತೆ ಬಿದ್ದದ್ದು ಎಲ್ಲಿ?

ನಮ್ಮ ‘ದೊಡ್ಡಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. 2025ರ ಜೂನ್ ಕೊನೆಯ ಶನಿವಾರ ಬೆಳಗ್ಗೆ 6:10ಕ್ಕೆ ಜಯನಗರದ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು.

“ಸಿಹಿ ಸುದ್ದಿ!! ಜುಲೈ 1ರಿಂದ ಕಬ್ಬನ್ ಪಾರ್ಕ್‌ಗೆ ನಾಯಿ ಮತ್ತು ಸೈಕಲ್ ಸಂಪೂರ್ಣ ನಿಷೇಧ. ಕೋರ್ಟ್ ಆದೇಶ. ಮೀರಿದರೆ 5,000 ರೂ. ದಂಡ, 6 ತಿಂಗಳು ಜೈಲು. ಹಿರಿಯ ನಾಗರಿಕರ ಹೋರಾಟಕ್ಕೆ ಜಯ. ಎಲ್ಲ ಗುಂಪುಗಳಿಗೂ ಕಳುಹಿಸಿ.”

ಅದರ ಕೆಳಗೆ ಅವರದೇ ಒಂದು ಸಾಲು: “ಕೊನೆಗೂ ದೇವರು ಕಣ್ಣು ಬಿಟ್ಟ. ನಮ್ಮ ತಂಗಿಗೆ ಆದ ಗತಿ ಇನ್ಯಾರಿಗೂ ಬರದಿರಲಿ.”

ತಂಗಿ ಅಂದರೆ ಬಸವನಗುಡಿ ಅತ್ತೆ. 2023ರ ನವೆಂಬರ್‌ನಲ್ಲಿ ವಾಕಿಂಗ್ ಹೋದಾಗ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಅವತ್ತಿನಿಂದ ಒಬ್ಬರೇ ಗೇಟು ದಾಟಿದ್ದಿಲ್ಲ.

ಹತ್ತು ನಿಮಿಷದಲ್ಲಿ ಕೈ ಮುಗಿದ ಚಿತ್ರಗಳ ಸಾಲು ಬಂತು. ಆಮೇಲೆ ಶುರುವಾಯಿತು.

ಶಿವಮೊಗ್ಗ ಚಿಕ್ಕಮ್ಮ: ಒಳ್ಳೇದಾಯ್ತು ಬಿಡಿ ಭಾವ. ಆ ಸೈಕಲ್ ಹುಡುಗ ಗುದ್ದಿದ್ದಕ್ಕೇ ಅಲ್ವಾ ಅತ್ತಿಗೆ ಕೈ ಮುರಿದಿದ್ದು.

ದೊಡ್ಡಪ್ಪ: ಸೈಕಲ್ ಅಲ್ಲಮ್ಮ, ನಾಯಿ. ಬೆಲ್ಟು ಕಾಲಿಗೆ ಸುತ್ತಿಕೊಂಡಿತು.

ಚಿಕ್ಕಮ್ಮ: ಹೌದಾ? ಏನೋ ಒಂದು. ಎರಡೂ ಹೋಗಲಿ.

ನಾನು: ದೊಡ್ಡಪ್ಪ, ಇದು ಯಾವ ವರ್ಷದ ಜುಲೈ? ಯಾವ ಕೋರ್ಟು? ಆದೇಶದ ಪ್ರತಿ ಇದೆಯಾ?

ದೊಡ್ಡಪ್ಪ: ಬಂದಳು ನಮ್ಮ ವಕೀಲಮ್ಮ. ವಾಕಿಂಗ್ ಗುಂಪಿನಲ್ಲಿ ಹಿರಿಯರೊಬ್ಬರು ಹಾಕಿದ್ದು. ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರು ಸುಳ್ಳು ಹೇಳ್ತಾರಾ?

ನಾನು ಕಬ್ಬನ್ ಪಾರ್ಕ್‌ನಲ್ಲಿ ನಡೆಯಲು ಶುರುಮಾಡಿ ಒಂಬತ್ತು ವರ್ಷವಾಯಿತು. ಆ ‘ಜುಲೈ 1’ ನೋಡಿದ ಕೂಡಲೇ ಎಲ್ಲಿಯದು ಅಂತ ಗೊತ್ತಾಯಿತು. 2022ರಲ್ಲಿ ತೋಟಗಾರಿಕೆ ಇಲಾಖೆ ಜುಲೈ 1ರಿಂದ ಸಾಕುನಾಯಿಗಳನ್ನು ಒಳಗೆ ಬಿಡುವುದಿಲ್ಲ ಅಂದಿತ್ತು. ಬೆಲ್ಟಿಲ್ಲದೆ ಬಿಡುತ್ತಾರೆ, ಹೇಸಿಗೆ ಎತ್ತುವುದಿಲ್ಲ ಅನ್ನುವ ದೂರುಗಳು ಅದಕ್ಕೆ ಕಾರಣ. ನಾಯಿ ಸಾಕಿದವರು ಎದ್ದು ನಿಂತರು, ಆ ತೀರ್ಮಾನ ಅಲ್ಲಿಗೇ ನಿಂತಿತು. ಅದು ಇಲಾಖೆಯ ಮಾತು, ಕೋರ್ಟಿನದಲ್ಲ. ಸೈಕಲ್ ವಿಷಯ ಅದರಲ್ಲಿ ಇರಲೇ ಇಲ್ಲ. ಇನ್ನು 5,000 ರೂಪಾಯಿ, 6 ತಿಂಗಳು ಅನ್ನುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಿಂದ ಎತ್ತಿದ್ದು. ತನ್ನ ಹತೋಟಿಯಲ್ಲಿರುವ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದವರಿಗೆ ಆ ಶಿಕ್ಷೆ. ನಾಯಿ ಕರೆದುಕೊಂಡು ಬಂದವರಿಗೆಲ್ಲ ಅಲ್ಲ.

ಇಷ್ಟನ್ನೂ ಬಿಡಿಬಿಡಿಯಾಗಿ ಬರೆದು ಹಾಕಿದೆ. ಓದಿದವರು ಯಾರೂ ಇರಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಗುಂಡ ಎದ್ದಿದ್ದ. ಗುಂಡ ನಮ್ಮ ಚಿಕ್ಕಪ್ಪನ ಮಗ, ರಾಜಾಜಿನಗರದಲ್ಲಿದ್ದಾನೆ. ಅವನ ಲಡ್ಡು ಬೀದಿಯಲ್ಲಿ ಸಿಕ್ಕಿದ ಮರಿ, ಈಗ ಐದು ವರ್ಷದ್ದು.

ಗುಂಡ: ದೊಡ್ಡಪ್ಪ, ಇದನ್ನ ನನಗೇ ಅಂತ ಹಾಕಿದ್ರಾ?

ದೊಡ್ಡಪ್ಪ: ನಿನ್ನ ಹೆಸರು ಎಲ್ಲಿದೆಯಪ್ಪ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.

ಗುಂಡ: ಲಡ್ಡು ಇವತ್ತಿನ ತನಕ ಬೆಲ್ಟಿಲ್ಲದೆ ಆಚೆ ಕಾಲಿಟ್ಟಿಲ್ಲ. ಕವರು ಯಾವಾಗಲೂ ನನ್ನ ಜೇಬಲ್ಲೇ ಇರುತ್ತೆ. ಕಬ್ಬನ್ ಪಾರ್ಕಲ್ಲಿ ನಾಯಿಗೆ ಅಂತಾನೇ ಬೇಲಿ ಹಾಕಿದ ಜಾಗ ಇದೆ, ಬಂದು ನೋಡಿದ್ದೀರಾ?

ದೊಡ್ಡಪ್ಪ: ನಮ್ಮ ಕಾಲದಲ್ಲಿ ನಾಯಿ ಹಿತ್ತಲಲ್ಲಿರ್ತಿತ್ತು. ಹೆತ್ತವರನ್ನ ಕೈ ಹಿಡಿದು ವಾಕಿಂಗ್ ಕರ್ಕೊಂಡು ಹೋಗ್ತಿದ್ವಿ. ಈಗ ಅದು ಉಲ್ಟಾ.

ಗುಂಡ: ಹಿತ್ತಲಲ್ಲಲ್ಲ ದೊಡ್ಡಪ್ಪ, ತಾರಸಿ ಮೇಲೆ. ನಿಮ್ಮ ಗೃಹಪ್ರವೇಶದ ದಿನ ಲಡ್ಡೂನ ತಾರಸಿಗೆ ಹಾಕು ಅಂದ್ರಿ. ಮೇ ತಿಂಗಳು. ನೀರಿನ ಬಟ್ಟಲು ಕೇಳಿದ್ದಕ್ಕೆ ‘ಹೊಸ ಪಾತ್ರೆ’ ಅಂದ್ರಿ. ನಾನು ಮರೆತಿಲ್ಲ.

ಅಲ್ಲಿಂದ ಮುಂದಿನ ಅರ್ಧ ಗಂಟೆ ಕಬ್ಬನ್ ಪಾರ್ಕ್ ಮಾಯ. ಪಾತ್ರೆ ಕೊಡಲ್ಲ ಅಂದದ್ದು ದೊಡ್ಡಪ್ಪನೋ ದೊಡ್ಡಮ್ಮನೋ, ಅಡುಗೆಯವರೋ, ಲಡ್ಡು ಬೊಗಳಿದ್ದು ಹೋಮದ ಮುಂಚೆಯೋ ಆಮೇಲೋ, ಎಲ್ಲದಕ್ಕೂ ಸಾಕ್ಷಿಗಳು ಹುಟ್ಟಿಕೊಂಡರು. ಆರು ವರ್ಷದಿಂದ ಗುಂಪಿನಲ್ಲಿ ತುಟಿ ಬಿಚ್ಚದವರೂ ಬಂದರು.

ನಡುವೆ ಹುಬ್ಬಳ್ಳಿ ಭಾವ ಬರೆದರು. ನಮ್ಮಕ್ಕನ ಗಂಡ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಹನ್ನೆರಡು ವರ್ಷ. ಭಾನುವಾರ ಬೆಳಗ್ಗೆ ಸೈಕಲ್ ಬಿಟ್ಟರೆ ಅವರಿಗೆ ಬೇರೆ ಲೋಕ ಇಲ್ಲ.

ಭಾವ: ಅಲ್ರಿ ಮಾವಾರ, ಸೈಕಲ್ ಏನ್ ತಪ್ಪ ಮಾಡೇತಿ? ನಾ ಕಾಲುದಾರಿ ಮ್ಯಾಲೆ ಹೊಡಿಯಂಗಿಲ್ಲ, ಡಾಂಬರ್ ರಸ್ತಾದಾಗ ಹೊಡಿತೀನಿ. ಅದ ರಸ್ತಾದಾಗ ವಾರದ ದಿನ ಕಾರು ಓಡ್ತಾವ. ಅದಕ್ಕ ಯಾರೂ ಏನೂ ಅನ್ನಂಗಿಲ್ಲ.

ಈ ಮಾತಿಗೆ ಒಂದೇ ಒಂದು ಉತ್ತರ ಬರಲಿಲ್ಲ. ಇಡೀ ಬೆಳಗಿನ ಚರ್ಚೆಯಲ್ಲಿ ಇದಕ್ಕಿಂತ ತೂಕದ ಮಾತು ಬರಲಿಲ್ಲ ಅಂತ ನನ್ನ ನಂಬಿಕೆ. ಬೆಂಗಳೂರಿನ ಸೈಕಲ್ ದಿನ ಅನ್ನುವುದು 2013ರಲ್ಲಿ ಶುರುವಾದದ್ದೇ ಕಬ್ಬನ್ ಪಾರ್ಕ್‌ನಲ್ಲಿ. ಭಾನುವಾರ ವಾಹನ ಬಿಡದ ಆ ರಸ್ತೆಗಳಲ್ಲಿ ಅಪ್ಪಂದಿರು ಮಕ್ಕಳ ಸೈಕಲ್ಲಿನ ಹಿಂದೆ ಸೀಟು ಹಿಡಿದುಕೊಂಡು ಓಡುವುದನ್ನು ನೋಡಿದವರಿಗೆ ಆ ನಿಷೇಧದ ಸುದ್ದಿ ಸಿಹಿ ಅನ್ನಿಸಲಾರದು.

ಮೈಸೂರು ಅಕ್ಕ: ಕಬ್ಬನ್ ಪಾರ್ಕ್ ಅಂದ ಕೂಡ್ಲೆ ಬಾಲಭವನದ ಪುಟಾಣಿ ರೈಲು ಜ್ಞಾಪಕ ಬಂತು ಕಣ್ರೋ. ತಾತ ಎಲ್ಲರನ್ನೂ ಒಂದೇ ಬೋಗೀಲಿ ತುಂಬ್ತಿದ್ರು. ಆಮೇಲೆ ಕೆಂಪು ಲೈಬ್ರರಿ ಎದುರು ಕಡಲೆಕಾಯಿ. ಯಾರ ಹತ್ರಾನಾದ್ರೂ ಆ ಫೋಟೋ ಇದೆಯಾ?

ದೊಡ್ಡಪ್ಪ: ಅದು ಮಹಾರಾಜರು ಕಟ್ಟಿಸಿದ ಪಾರ್ಕು. ಅಲ್ಲಿ ಶಿಸ್ತು ಇತ್ತು.

ನಾನು: ಕಟ್ಟಿಸಿದ್ದು 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಆಗ ಇಲ್ಲಿ ಬ್ರಿಟಿಷ್ ಕಮಿಷನರ್ ಆಳ್ವಿಕೆ. ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರು ಬಂದದ್ದು 1927ರಲ್ಲಿ.

ದೊಡ್ಡಪ್ಪ: ನಿನಗೆ ದೊಡ್ಡವರ ಮಾತು ತಿದ್ದೋದೇ ಒಂದು ಚಟ. ನಿಮ್ಮಪ್ಪನೂ ಹಾಗೇ ಇದ್ದ.

ಅಪ್ಪ ಹೋಗಿ ನಾಲ್ಕು ವರ್ಷ. ಆ ಸಾಲು ನೋಡಿ ಫೋನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡಾಗ ಅತ್ತೆಯ ಮಗ ಲಂಡನ್‌ನಿಂದ ಬರೆದಿದ್ದ. ಅಲ್ಲಿ ನಡುರಾತ್ರಿ ದಾಟಿ ಎಷ್ಟೋ ಹೊತ್ತಾಗಿರಬೇಕು.

ಲಂಡನ್: ಇಲ್ಲಿ ರಿಚ್‌ಮಂಡ್ ಪಾರ್ಕ್‌ನಲ್ಲಿ ಜಿಂಕೆ ಇವೆ, ನಾಯಿ ಇವೆ, ಸೈಕಲ್ ಇವೆ. ಜಿಂಕೆ ಮರಿ ಹಾಕೋ ಕಾಲ ಅಂತ ಮೇಯಿಂದ ಜುಲೈ ಕೊನೆವರೆಗೆ ನಾಯಿಗೆ ಬೆಲ್ಟ್ ಕಡ್ಡಾಯ. ಓಡಿಸಿಬಿಡಿ ಅಂತ ಯಾರೂ ಹೇಳಲ್ಲ, ಹೇಗೆ ಬರಬೇಕು ಅಂತ ಹೇಳ್ತಾರೆ. ಆದ್ರೆ ಅಮ್ಮನ್ನ ಬೀಳಿಸಿದ ನಾಯಿಯ ಮಾಲೀಕ ಯಾರು ಅಂತ ಇವತ್ತಿಗೂ ಯಾರೂ ಪತ್ತೆ ಮಾಡಲಿಲ್ಲವಲ್ಲ, ಅದು ನನಗೆ ಬೇಜಾರು.

ಗುಂಡ: ಅಣ್ಣ, ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನು. ನೀನು ಬಂದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ.

ಲಂಡನ್: ಟಿಕೆಟ್ ಬೆಲೆ ನಿನಗೆ ಗೊತ್ತಾ?

ಚಿಕ್ಕಮ್ಮ: ಮಕ್ಕಳೇ, ಬೆಳಬೆಳಗ್ಗೆ ಬೇಡ. ಎಲ್ಲರೂ ಶುಭ ಶನಿವಾರ ಅನ್ನಿ.

ಆಗ ನಾನೊಂದು ದೀರ್ಘ ಸಂದೇಶ ಬರೆದೆ. ಗುಂಪಿನಲ್ಲಿ ಅದು ಮುಳುಗಿಹೋಯಿತು, ಇಲ್ಲಿ ಬರೆಯುತ್ತೇನೆ. ನಾಯಿ ಇರುವವನು ಪಾರ್ಕಿಗೆ ಬರುವುದು ಅವನ ಬೀದಿಯಲ್ಲಿ ಮಾರುದ್ದ ಮಣ್ಣಿಲ್ಲದ್ದಕ್ಕೆ. ಸೈಕಲ್ಲಿನವನು ಬರುವುದು ದೊಡ್ಡ ರಸ್ತೆಯಲ್ಲಿ ಬಸ್ಸು ಟಿಪ್ಪರ್‌ಗಳ ಪಕ್ಕ ಜೀವ ಉಳಿಯುತ್ತದೆ ಅನ್ನುವ ಭರವಸೆ ಇಲ್ಲದ್ದಕ್ಕೆ. ವಯಸ್ಸಾದವರು ಬರುವುದು ಮನೆ ಮುಂದಿನ ಫುಟ್‌ಪಾತಿನಲ್ಲಿ ಗಾಡಿ ನಿಂತಿರುವುದಕ್ಕೆ. ಮೂವರನ್ನೂ ಹೊರಗಿನಿಂದ ಅಟ್ಟಿದ್ದು ಒಂದೇ. ಒಳಗೆ ಬಂದ ಮೇಲೆ ನಾವು ಒಬ್ಬರ ಮುಖ ಇನ್ನೊಬ್ಬರು ನೋಡಿ ‘ನೀನು ಯಾಕೆ ಬಂದೆ’ ಅಂತ ಕೇಳುತ್ತಿದ್ದೇವೆ. ನನಗೆ ತಡೆಯಲಾಗದ ಸಂಕಟ ಇದು.

ಬೆಲ್ಟು ಬೇಕೇ ಬೇಕು. ಹೇಸಿಗೆ ಎತ್ತಲೇಬೇಕು, ನಾನು ಅದರ ಮೇಲೆ ಕಾಲಿಟ್ಟು ಮನೆ ತನಕ ಚಪ್ಪಲಿ ಕೈಲಿ ಹಿಡಿದು ಬಂದವಳು. ನಡೆಯುವವರ ದಾರಿಯಲ್ಲಿ ಸೈಕಲ್ ನುಗ್ಗಬಾರದು. ಇವುಗಳಲ್ಲಿ ಯಾವುದಕ್ಕೂ ನಿಷೇಧ ಬೇಕಿಲ್ಲ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ: ಪಾರ್ಕಿಗೆ ನಾಯಿಯನ್ನು ಬಿಡುವುದೇ ಇಲ್ಲ ಅನ್ನುವುದು ದೂರದೃಷ್ಟಿಯ ಮಾತಲ್ಲ, ಚೆನ್ನಾಗಿ ಓಡಾಡಿದ ನಾಯಿ ಬೊಗಳುವುದೂ ಕಡಿಮೆ, ಬೇಕಾದರೆ ಎಲ್ಲರೂ ಒಪ್ಪಿ ಸಮಯ ಗೊತ್ತು ಮಾಡಿಕೊಳ್ಳಿ ಅಂತ. ಇಲ್ಲ ಅನ್ನಲು ಶುರುಮಾಡಿದರೆ ಅದು ನಾಯಿಗೇ ನಿಲ್ಲುವುದಿಲ್ಲ. 2024ರಲ್ಲಿ ಬೆಂಗಳೂರಿನ ಒಂದು ಬಡಾವಣೆ ಪಾರ್ಕಿನ ಫಲಕದ ಚಿತ್ರ ಎಲ್ಲ ಕಡೆ ಓಡಾಡಿತು. ಓಡಬಾರದು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಡೆಯಬಾರದು ಅಂತ ಅದರಲ್ಲಿ ಬರೆದಿತ್ತು.

9:40ಕ್ಕೆ ಅತ್ತೆಯ ವಾಯ್ಸ್ ಮೆಸೇಜ್ ಬಂತು. ಅವರು ಗುಂಪಿನಲ್ಲಿ ಮಾತಾಡುವವರೇ ಅಲ್ಲ. 2 ನಿಮಿಷ 14 ಸೆಕೆಂಡು, ಹಿಂದೆ ಕುಕ್ಕರ್ ಕೂಗುತ್ತಿತ್ತು. ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

“ನೋಡ್ರಪ್ಪ, ನಾನು ಪಾರ್ಕಲ್ಲಿ ಬಿದ್ದಿದ್ದಲ್ಲ. ನಾಯೀನೂ ಇಲ್ಲ, ಸೈಕಲ್ಲೂ ಇಲ್ಲ. ಅವತ್ತು ಮನೆ ಕೆಲಸ ಮುಗಿಸಿ ಹೋಗೋ ಹೊತ್ತಿಗೆ ಹತ್ತೂವರೆ. ಆಗ ಬೆಳಗ್ಗೆ ಹತ್ತಕ್ಕೇ ನಮ್ಮನೆ ಹತ್ರದ ಪಾರ್ಕಿನ ಗೇಟಿಗೆ ಬೀಗ ಹಾಕೋರು. ಸರಿ, ಸುತ್ತಲೂ ರಸ್ತೇಲೇ ಎರಡು ಸುತ್ತು ಹಾಕೋಣ ಅಂತ ಹೊರಟೆ. ಮೋರಿ ಮೇಲಿನ ಕಲ್ಲುಚಪ್ಪಡಿ ಒಂದು ಕಡೆ ಎದ್ದಿತ್ತು, ಎಡವಿದೆ, ಅಷ್ಟೇ. ರಸ್ತೇಲಿ ಒಬ್ಬಳೇ ಹೋಗಬೇಡ ಅಂತ ಇವನು ಲಂಡನ್ನಿಂದ ದಿನಾ ಹೇಳ್ತಿದ್ದ. ಅದಕ್ಕೇ ಪಾರ್ಕಲ್ಲಿ ಬಿದ್ದೆ ಅಂದೆ. ನಾಯಿ ಅಂತ ಅಣ್ಣ ಸೇರಿಸಿಕೊಂಡ್ರು, ಸೈಕಲ್ ಅಂತ ಇನ್ಯಾರೋ. ನಾನು ಸುಮ್ಮನಾದೆ. ತಪ್ಪು ನಂದು. ಗುಂಡನ್ನ ಬೈಬೇಡಿ.”

ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ. ಆಮೇಲೆ ಚಿಕ್ಕಮ್ಮ ‘ನಾನು ಸೈಕಲ್ ಅಂದದ್ದು ಅವರು ಹೇಳಿದ್ದಕ್ಕೆ’ ಅಂತ ದೊಡ್ಡಮ್ಮನ ಮೇಲೆ ಹಾಕಿದರು. ದೊಡ್ಡಪ್ಪ ‘ಆದರೂ ಶಿಸ್ತು ಮುಖ್ಯ’ ಅಂತ ಬರೆದು, ತಕ್ಷಣ ಅಳಿಸಿದರು. ಲಂಡನ್ನಿನವನದು ಒಂದೇ ಪದ: ‘ಅಮ್ಮ’. ಅಷ್ಟರಲ್ಲಿ ಯಾರೋ ಪುಟಾಣಿ ರೈಲಿನ ಫೋಟೋ ಹುಡುಕಿ ಹಾಕಿದರು. ಮೂರನೇ ಕಿಟಕಿಯಲ್ಲಿರುವ ಎಣ್ಣೆ ಜಡೆಯ ಹುಡುಗಿ ಯಾರು ಅನ್ನುವ ಮೇಲೆ ಮಾತು ಸಂಜೆವರೆಗೆ ಹೋಯಿತು. ಆ ಫಾರ್ವರ್ಡ್ ಈಗಲೂ ಅಲ್ಲೇ ಇದೆ.

ನಗರದ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಆದದ್ದು 2024ರಲ್ಲಿ, ಅತ್ತೆ ಬಿದ್ದ ಮೇಲೆ. ನಾಯಿ, ಸೈಕಲ್ ಅಂತ ಒಂದೂವರೆ ವರ್ಷ ಬೈದ ನಮ್ಮಲ್ಲಿ ಒಬ್ಬರೂ ಆ ಬೀಗದ ಬಗ್ಗೆಯಾಗಲಿ ಆ ಚಪ್ಪಡಿಯ ಬಗ್ಗೆಯಾಗಲಿ ಒಂದು ದೂರು ಬರೆದಿರಲಿಲ್ಲ. ಗೊತ್ತಿದ್ದರೆ ತಾನೇ ಬರೆಯುವುದು? ಬಿದ್ದವರನ್ನು ಯಾರೂ ಕೇಳಿಯೇ ಇರಲಿಲ್ಲ. ಸೋಮವಾರ ನಾನು ಹೋಗಿ ನೋಡಿದೆ. ಕಲ್ಲು ಹಾಗೇ ಎದ್ದಿದೆ. ಫೋಟೋ ತೆಗೆದು ದೂರು ಹಾಕಿದ್ದೇನೆ.

ಶನಿವಾರ ರಾತ್ರಿಯೇ ಅತ್ತೆಗೆ ಫೋನು ಮಾಡಿದ್ದೆ. ಅವರು ಕೇಳಿದ್ದು ಎರಡೇ ಮಾತು. ಭಾನುವಾರ ಕಬ್ಬನ್ ಪಾರ್ಕಲ್ಲಿ ಕಾರು ಬಿಡಲ್ಲ ಅಂದ್ರೆ ರಸ್ತೆ ನಡುವೇನೇ ನಡೀಬಹುದಾ? ನಡೀಬಹುದು ಅಂದೆ. “ಹಾಗಾದ್ರೆ ಗುಂಡಂಗೆ ಹೇಳು, ಮುಂದಿನ ವಾರ ನಾಯೀನೂ ಕರ್ಕೊಂಡು ಬರಲಿ. ಬೆಲ್ಟ್ ಎಡಗೈಲಿ ಹಿಡ್ಕೊಂಡಿರಲಿ, ನಾನು ಅವನ ಬಲಗಡೆ ಇರ್ತೀನಿ.”

ಗುಂಡನಿಗೆ ಅದನ್ನು ಹಾಗೇ ಕಳಿಸಿದೆ. ಎರಡು ನೀಲಿ ಗೀಟು ಬಂದಿವೆ, ಉತ್ತರ ಇನ್ನೂ ಬಂದಿಲ್ಲ.