ಮ್ಯಾಜಿಸ್ಕ್ ಫ್ಲ್ಯಾಶ್ ಆದರೂ ಟ್ಯಾಬ್ಲೆಟ್‌ನಲ್ಲಿ ರೂಟ್ ಸಿಗುತ್ತಿಲ್ಲ. ಸಿಕ್ಕ ಮೇಲೆ ಭದ್ರಪಡಿಸುವುದು ಹೇಗೆ?

ಪ್ರಶ್ನೆ
ಆಂಡ್ರಾಯ್ಡ್ 13 ಟ್ಯಾಬ್ಲೆಟ್, ಬೂಟ್‌ಲೋಡರ್ (ಆನ್ ಮಾಡಿದಾಗ ಸಿಸ್ಟಂ ಏಳಿಸುವ ಪ್ರೋಗ್ರಾಂ) ಅನ್‌ಲಾಕ್ ಆಗಿದೆ. ರೂಟ್, ಅಂದರೆ ಸಿಸ್ಟಂ ಮೇಲೆ ಪೂರ್ಣ ಅಧಿಕಾರ, ಪಡೆಯಲು ಫರ್ಮ್‌ವೇರ್‌ನ (ಟ್ಯಾಬ್ಲೆಟ್‌ನ ಮೂಲ ಸಿಸ್ಟಂ ಫೈಲುಗಳು) ಬೂಟ್ ಇಮೇಜನ್ನು ಮ್ಯಾಜಿಸ್ಕ್ ಎಂಬ ರೂಟ್ ಆ್ಯಪ್‌ನಲ್ಲಿ ಪ್ಯಾಚ್ ಮಾಡಿ (ತಿದ್ದಿ), ಕಂಪ್ಯೂಟರಿನಿಂದ ಫಾಸ್ಟ್‌ಬೂಟ್‌ನಲ್ಲಿ ಫ್ಲ್ಯಾಶ್ ಮಾಡಿದೆ (ಟ್ಯಾಬ್ಲೆಟ್‌ಗೆ ಬರೆದೆ). ಎರರ್ ಬರಲಿಲ್ಲ, ಟ್ಯಾಬ್ಲೆಟ್ ಮಾಮೂಲಾಗೇ ಆನ್ ಆಗುತ್ತದೆ. ಆದರೆ ಮ್ಯಾಜಿಸ್ಕ್ ಆ್ಯಪ್‌ನಲ್ಲಿ 'ಇನ್‌ಸ್ಟಾಲ್ಡ್' ಎದುರು 'ಎನ್/ಎ' ಅಂತಲೇ ಇದೆ. ಎಲ್ಲಿ ತಪ್ಪಿದೆ? ಇನ್ನೊಂದು, ಮಕ್ಕಳೂ ಇದನ್ನೇ ಬಳಸುತ್ತಾರೆ. ಕಂಡಕಂಡ ಆ್ಯಪ್‌ಗೆಲ್ಲ ರೂಟ್ ಹೋಗದಂತೆ ತಡೆಯುವುದು ಹೇಗೆ?

ಉತ್ತರ 1
ಟ್ಯಾಬ್ಲೆಟ್ 13ರ ಜೊತೆಗೇ ಬಿಡುಗಡೆಯಾದದ್ದೋ, 12ರಿಂದ ಅಪ್‌ಡೇಟ್ ಆದದ್ದೋ? 13ರ ಜೊತೆಗೇ ಬಂದ ಸಾಧನಗಳಲ್ಲಿ ಸಾಮಾನ್ಯವಾಗಿ ರ‍್ಯಾಮ್‌ಡಿಸ್ಕ್ (ಆನ್ ಆಗುವಾಗ ಮೊದಲು ಲೋಡ್ ಆಗುವ ಫೈಲುಗಳ ಗುಂಪು) ಇರುವುದು ಇನಿಟ್_ಬೂಟ್ ಎಂಬ ಪಾರ್ಟಿಷನ್‌ನಲ್ಲಿ, ಬೂಟ್‌ನಲ್ಲಲ್ಲ. ಮ್ಯಾಜಿಸ್ಕ್ ಕೂರಬೇಕಾದದ್ದು ರ‍್ಯಾಮ್‌ಡಿಸ್ಕ್‌ನಲ್ಲಿ. ನೀವು ಹೇಳಿದ ಲಕ್ಷಣ ಇದಕ್ಕೆ ಸರಿಹೊಂದುತ್ತದೆ.

ಮೊದಲು ಮೂಲ ಬೂಟ್ ಇಮೇಜನ್ನು ಮರಳಿ ಫ್ಲ್ಯಾಶ್ ಮಾಡಿ. ಅದೇ ಫರ್ಮ್‌ವೇರ್‌ನಿಂದ ಇನಿಟ್_ಬೂಟ್ ಇಮೇಜ್ ತೆಗೆದು ಪ್ಯಾಚ್ ಮಾಡಿ. ಪ್ಯಾಚ್ ಆದದ್ದು ಡೌನ್‌ಲೋಡ್ ಫೋಲ್ಡರಿಗೆ ಬರುತ್ತದೆ, ಅದನ್ನು ಕಂಪ್ಯೂಟರಿಗೆ ತಂದು ಇನಿಟ್_ಬೂಟ್ ಪಾರ್ಟಿಷನ್‌ಗೇ ಫ್ಲ್ಯಾಶ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ಬಿಲ್ಡ್ ನಂಬರ್ ಮತ್ತು ಫರ್ಮ್‌ವೇರ್‌ನದು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ತಿಂಗಳ ಹಿಂದಿನ ಫೈಲ್ ಹಾಕಿದರೂ ಬೂಟ್‌ಲೂಪ್ (ಪೂರ್ತಿ ಆನ್ ಆಗದೆ ಮತ್ತೆ ಮತ್ತೆ ರೀಸ್ಟಾರ್ಟ್) ಆಗಬಹುದು. ಆದರೆ ಗಾಬರಿ ಬೇಡ, ಮೂಲ ಇಮೇಜ್ ಫ್ಲ್ಯಾಶ್ ಮಾಡಿದರೆ ಎದ್ದು ನಿಲ್ಲುತ್ತದೆ. ಅದಕ್ಕೇ ಮೂಲ ಫೈಲುಗಳ ಪ್ರತಿ ಕಂಪ್ಯೂಟರಿನಲ್ಲಿರಲಿ, ಟ್ಯಾಬ್ಲೆಟ್‌ನಲ್ಲಿ ಮಾತ್ರ ಇದ್ದರೆ ಬೇಕಾದಾಗ ಕೈಗೆ ಸಿಗದು.

ಉತ್ತರ 2
ಎರಡನೇ ಪ್ರಶ್ನೆಗೆ: ಮಕ್ಕಳಿಗೆ ಬೇರೆ ಯೂಸರ್ ಮಾಡಿಕೊಡಿ. ಮ್ಯಾಜಿಸ್ಕ್ ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಯೂಸರ್ ಮೋಡ್ 'ಡಿವೈಸ್ ಓನರ್ ಓನ್ಲಿ' ಇದ್ದರೆ ಆ ಯೂಸರ್‌ನ ಯಾವ ಆ್ಯಪ್‌ಗೂ ರೂಟ್ ಸಿಗುವುದಿಲ್ಲ. ಸೂಪರ್‌ಯೂಸರ್ ಆ್ಯಕ್ಸೆಸ್ 'ಆ್ಯಪ್ಸ್ ಓನ್ಲಿ' ಮಾಡಿದರೆ ಕೇಬಲ್ ಹಾಕಿ ಕಂಪ್ಯೂಟರಿನ ಎಡಿಬಿ ಕಮಾಂಡ್‌ನಿಂದ ರೂಟ್ ಕೇಳುವ ದಾರಿಯೂ ಮುಚ್ಚುತ್ತದೆ. ಅನುಮತಿ ಕೊಡುವಾಗ ಪಿನ್ ಅಥವಾ ಬೆರಳಚ್ಚು ಕೇಳುವ ಆಯ್ಕೆ ಆನ್ ಮಾಡಿ. ಒಮ್ಮೆ ಮಾತ್ರ ಬೇಕಾದ ಕೆಲಸಕ್ಕೆ 'ಒನ್ಸ್' ಅಥವಾ 10 ನಿಮಿಷ ಸಾಕು, 'ಫಾರೆವರ್' ಒತ್ತಬೇಡಿ.

ಬೇಕಾದ ಎರಡು ಮೂರು ಆ್ಯಪ್‌ಗಳಿಗೆ ಅನುಮತಿ ಕೊಟ್ಟಾದ ಮೇಲೆ ಆಟೋಮ್ಯಾಟಿಕ್ ರೆಸ್ಪಾನ್ಸನ್ನು 'ಡಿನೈ'ಗೆ ಬದಲಿಸಿ. ಕೊಟ್ಟದ್ದು ಹಾಗೇ ಇರುತ್ತದೆ, ಹೊಸದಾಗಿ ಕೇಳುವುದು ತಾನಾಗಿ ತಿರಸ್ಕಾರವಾಗುತ್ತದೆ. ಕೆಲಸ ಮುಗಿದ ಮೇಲೆ ಯುಎಸ್‌ಬಿ ಡೀಬಗಿಂಗ್ ಆಫ್ ಮಾಡಿ.

ಉತ್ತರ 3
ಇವೆಲ್ಲ ಒಳಗಿನ ಆ್ಯಪ್‌ಗಳನ್ನು ತಡೆಯುತ್ತವೆ. ಆದರೆ ಬೂಟ್‌ಲೋಡರ್ ತೆರೆದೇ ಇದೆಯಲ್ಲ? ಟ್ಯಾಬ್ಲೆಟ್ ಕೈಗೆ ಸಿಕ್ಕವರು ತಮ್ಮದೇ ಇಮೇಜ್ ಫ್ಲ್ಯಾಶ್ ಮಾಡಬಹುದು. ನಿಮ್ಮ ಫೈಲುಗಳು ಎನ್‌ಕ್ರಿಪ್ಟ್ ಆಗಿರುವುದರಿಂದ ಪಿನ್ ಇಲ್ಲದೆ ಓದಲಾಗದು, ಹಾಗಾಗಿ ನಾಲ್ಕಂಕಿಯ ಬದಲು ಉದ್ದನೆಯ ಪಿನ್ ಇಡಿ. ಆದರೆ ತಿದ್ದಿದ ಇಮೇಜ್ ಹಾಕಿ ವಾಪಸ್ ಕೊಟ್ಟರೆ, ಮುಂದೆ ನೀವು ಪಿನ್ ಒತ್ತಿದಾಗ ಅದನ್ನು ಕದಿಯಬಹುದು. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ.

ಹಾಗಂತ ಮ್ಯಾಜಿಸ್ಕ್ ಇರುವಾಗಲೇ ಬೂಟ್‌ಲೋಡರ್ ಲಾಕ್ ಮಾಡಲು ಹೋಗಬೇಡಿ! ಸಹಿ ಹೊಂದದ ಇಮೇಜನ್ನು ವೆರಿಫೈಡ್ ಬೂಟ್ (ಆನ್ ಆಗುವಾಗ ಸಹಿ ಪರೀಕ್ಷಿಸುವ ವ್ಯವಸ್ಥೆ) ಒಪ್ಪುವುದಿಲ್ಲ, ಟ್ಯಾಬ್ಲೆಟ್ ಏಳುವುದೇ ಇಲ್ಲ. ಲಾಕ್ ಮಾಡಲೇಬೇಕಿದ್ದರೆ ಮೊದಲು ಪೂರ್ತಿ ಮೂಲ ಫರ್ಮ್‌ವೇರ್ ಹಾಕಿ. ಲಾಕ್ ಮಾಡುವಾಗಲೂ ಡೇಟಾ ಅಳಿಸಿಹೋಗುತ್ತದೆ, ಬ್ಯಾಕಪ್ ಇರಲಿ.

ಪ್ರಶ್ನೆ ಕೇಳಿದವರು
13ರ ಜೊತೆಗೇ ಬಂದದ್ದು. ಇನಿಟ್_ಬೂಟ್ ಹಾಕಿದೆ, ಈಗ 'ಇನ್‌ಸ್ಟಾಲ್ಡ್' ಎದುರು ಆವೃತ್ತಿ ಕಾಣುತ್ತಿದೆ. ಸಿಸ್ಟಂ ಅಪ್‌ಡೇಟ್ ಬಂದರೆ ಏನು ಮಾಡಲಿ?

ಉತ್ತರ 1
ಎ/ಬಿ ಸ್ಲಾಟ್ (ಸಿಸ್ಟಂಗೆ ಎರಡು ಜಾಗ, ಒಂದು ಬಳಕೆಯಲ್ಲಿರುವಾಗ ಇನ್ನೊಂದಕ್ಕೆ ಅಪ್‌ಡೇಟ್) ಇರುವ ಟ್ಯಾಬ್ಲೆಟ್ ಆದರೆ, ಮ್ಯಾಜಿಸ್ಕ್‌ನ ಅನ್‌ಇನ್‌ಸ್ಟಾಲ್‌ನಲ್ಲಿ 'ರಿಸ್ಟೋರ್ ಇಮೇಜಸ್' ಒತ್ತಿ, ರೀಬೂಟ್ ಮಾಡದೆ ಅಪ್‌ಡೇಟ್ ಇಳಿಸಿ. ಅದು ಮುಗಿದು ರೀಸ್ಟಾರ್ಟ್ ಕೇಳಿದಾಗ ಒತ್ತಬೇಡಿ. ಮ್ಯಾಜಿಸ್ಕ್‌ಗೆ ಹೋಗಿ 'ಇನ್‌ಸ್ಟಾಲ್ ಟು ಇನ್‌ಆ್ಯಕ್ಟಿವ್ ಸ್ಲಾಟ್' ಮಾಡಿ, ಅಲ್ಲಿಂದಲೇ ರೀಬೂಟ್ ಮಾಡಿ.