ಪ್ರಶ್ನೋತ್ತರ: ಮರಿಗೆ ಪಾರ್ವೋ ಬಂದಿದೆ, ಉಳಿಯುತ್ತಾಳಾ ಡಾಕ್ಟ್ರೇ?

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ), ಶನಿವಾರ ಬೆಳಿಗ್ಗೆ

ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮ ಬೆಕ್ಕಿನ ಮರಿಗೆ ಹತ್ತು ವಾರ. ಬಿಡಿಸಿದ ಹತ್ತಿಯ ಹಾಗೆ ಬೆಳ್ಳಗಿದ್ದಾಳೆ ಅಂತ ಅವ್ವ ಅರಳಿ ಎಂದು ಹೆಸರಿಟ್ಟಳು. ಗುರುವಾರ ಬೆಳಿಗ್ಗೆ ಊಟ ಮುಟ್ಟಲಿಲ್ಲ. ಮಧ್ಯಾಹ್ನದಿಂದ ಹಳದಿ ನೊರೆಯ ವಾಂತಿ. ರಾತ್ರಿ ಭೇದಿ ಶುರುವಾಯಿತು, ವಾಸನೆ ತಡೆಯೋಕೆ ಆಗಲ್ಲ. ನೀರಿನ ಬಟ್ಟಲಿನ ಮುಂದೆ ಹೋಗಿ ಕೂರುತ್ತಾಳೆ, ಗಲ್ಲವನ್ನು ಅಂಚಿನ ಮೇಲೆ ಇಟ್ಟುಕೊಂಡು ನೀರನ್ನೇ ನೋಡುತ್ತಾಳೆ, ಆದರೆ ಒಂದು ಹನಿ ಕುಡಿಯುವುದಿಲ್ಲ. ಅದನ್ನು ನೋಡಿದರೆ ಕರುಳು ಕಿತ್ತು ಬರುತ್ತದೆ.

ಶುಕ್ರವಾರ ಮೊದಲು ಹೋದ ಕಡೆ ಹೊಟ್ಟೆ ಕೆಟ್ಟಿದೆ ಎಂದು ಒಂದು ಸಿರಪ್ ಕೊಟ್ಟು ಕಳಿಸಿದರು. ಸಂಜೆ ಬೇರೆಯವರ ಹತ್ತಿರ ಹೋದೆವು. ಅವರು ಮಲದ ಕಿಟ್ ಟೆಸ್ಟ್ ಮಾಡಿದರು, ಪಾರ್ವೋ ವೈರಸ್ ಪಾಸಿಟಿವ್ ಬಂತು. ಕಿಟ್ ಮೇಲೆ ನಾಯಿಯ ಚಿತ್ರ ಇತ್ತು, ಅದು ಸರಿಯಾ? ಬಿಳಿ ರಕ್ತಕಣ 1,100 ಇದೆ. ತೂಕ 780 ಗ್ರಾಂ. ಜ್ವರ 104 ಇತ್ತು. ಕಾಲಿಗೆ ಸೂಜಿ ಕೂರಿಸಿ ಸಲೈನ್ ಹಾಕಿದರು, ವಾಂತಿ ನಿಲ್ಲುವ ಇಂಜೆಕ್ಷನ್ ಮತ್ತು ಆಂಟಿಬಯಾಟಿಕ್ ಕೊಟ್ಟರು. ದಿನಕ್ಕೆ ಎರಡು ಸಲ ಕರೆದುಕೊಂಡು ಬರಲು ಹೇಳಿದ್ದಾರೆ.

ಓಣಿಯವರು ಸುಮ್ನೆ ದುಡ್ಡು ಯಾಕೆ ಹಾಕ್ತೀರಿ, ಅದು ಉಳಿಯಲ್ಲ ಅಂತಿದ್ದಾರೆ. ಮುಂದಿನ ವಾರ ಲಸಿಕೆ ಹಾಕಿಸಬೇಕು ಅಂತ ಇದ್ದೆ. ಹೊರಗೆ ಬಿಟ್ಟೇ ಇಲ್ಲ ಮೇಡಂ, ಹೇಗೆ ಬಂತು? ಉಳಿಯುತ್ತಾಳಾ?

ಉತ್ತರ (ಪಶುವೈದ್ಯೆ, ಧಾರವಾಡ)

ಮೊದಲು ಕಿಟ್ ವಿಷಯ. ಅದು ಸರಿಯಾಗಿದೆ. ಬೆಕ್ಕಿನ ಪಾರ್ವೋ ಮತ್ತು ನಾಯಿಯ ಪಾರ್ವೋ ಹತ್ತಿರದ ಸಂಬಂಧಿಗಳು. ನಾಯಿಯ ಕಿಟ್‌ನಲ್ಲೇ ಬೆಕ್ಕಿನದೂ ಗೊತ್ತಾಗುತ್ತದೆ. ನಾವೂ ಅದನ್ನೇ ಬಳಸುತ್ತೇವೆ.

ನಿಮ್ಮ ಮರಿಗೆ ಬಂದಿರುವುದು ಪ್ಯಾನ್‌ಲ್ಯುಕೋಪೀನಿಯಾ, ಅಂದರೆ ಬೆಕ್ಕಿನ ಪಾರ್ವೋ ರೋಗ. ಮೈಯಲ್ಲಿ ಎಲ್ಲಿ ಜೀವಕೋಶಗಳು ಬೇಗ ಬೇಗ ಹುಟ್ಟುತ್ತಿರುತ್ತವೋ ಈ ವೈರಸ್ ಅಲ್ಲೇ ಹೋಗಿ ಕೂರುತ್ತದೆ. ಒಂದು ಕರುಳಿನ ಒಳಪದರ, ಇನ್ನೊಂದು ಮೂಳೆಯ ಮಜ್ಜೆ. ಕರುಳಿನ ಪದರ ಕಳಚಿದ್ದಕ್ಕೆ ವಾಂತಿ, ಭೇದಿ. ಮಜ್ಜೆ ಕೆಲಸ ನಿಲ್ಲಿಸಿದ್ದಕ್ಕೆ ಬಿಳಿ ಕಣ ಇಳಿದಿದೆ. ಆರೋಗ್ಯವಾಗಿರುವ ಬೆಕ್ಕಿಗೆ ಅದು ಸುಮಾರು 5,500ರಿಂದ 19,500 ಇರಬೇಕು. ಬಿಳಿ ಕಣ ಇಲ್ಲದಾಗ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ಆಂಟಿಬಯಾಟಿಕ್ ಕೊಡುವುದು ಅದನ್ನು ತಡೆಯಲು. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಮರಿಯ ಮೈ ತಾನೇ ಗೆಲ್ಲುವವರೆಗೆ ಅದನ್ನು ಒಣಗಲು ಬಿಡದೆ, ತಣ್ಣಗಾಗಲು ಬಿಡದೆ ಕಾಯುವುದೇ ಚಿಕಿತ್ಸೆ.

ಉಳಿಯುತ್ತಾಳಾ ಎಂದು ಕೇಳಿದ್ದೀರಿ. ಸುಳ್ಳು ಹೇಳಲ್ಲ. ಹಾಗೇ ಬಿಟ್ಟರೆ ಇಷ್ಟು ಚಿಕ್ಕ ಮರಿಗಳಲ್ಲಿ ಹೆಚ್ಚಿನವು ಹೋಗುತ್ತವೆ. ಚಿಕಿತ್ಸೆ ಸಿಕ್ಕರೆ ಹೆಚ್ಚುಕಡಿಮೆ ಅರ್ಧದಷ್ಟು ಉಳಿಯುತ್ತವೆ. 1,100 ಕಡಿಮೆಯೇ, ಆದರೆ ಸಾವಿರದ ಕೆಳಗೆ ಹೋಗಿಲ್ಲ. ಮೊದಲ ಐದು ದಿನ ದಾಟಿದ ಮರಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ನೀವು ಈಗ ಮೂರನೇ ದಿನದಲ್ಲಿದ್ದೀರಿ. ಅರ್ಧ ದಾರಿಯಲ್ಲಿ ಕೈಬಿಡಬೇಡಿ. ಸಿರಪ್ ನಿಲ್ಲಿಸಿ, ವಾಂತಿ ಮಾಡುವ ಮರಿಗೆ ಬಾಯಿಂದ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಹೇಗೆ ಬಂತು ಅಂದರೆ, ನಮ್ಮ ಚಪ್ಪಲಿಯಲ್ಲಿ, ಕೈಯಲ್ಲಿ, ಬಟ್ಟೆಯಲ್ಲಿ ಬರುತ್ತದೆ. ಈ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ, ವರ್ಷದವರೆಗೂ ಬದುಕಿರುತ್ತದೆ. ಓಣಿಯಲ್ಲಿ ನಾಯಿಮರಿಗಳಿಗೆ ಪಾರ್ವೋ ಇದ್ದರೆ ಆ ವೈರಸ್ಸಿನ ಈಗಿನ ತಳಿಗಳು ಬೆಕ್ಕಿಗೂ ತಗಲುತ್ತವೆ. ಲಸಿಕೆ ಎಂಟು ವಾರಕ್ಕೇ ಶುರುವಾಗಬೇಕಿತ್ತು, ಅದು ನಿಜ. ಆದರೆ ಮೊದಲ ಡೋಸ್ ಆದ ಮರಿಗಳಿಗೂ ಬಂದಿದ್ದನ್ನು ನೋಡಿದ್ದೇನೆ. ತಾಯಿಹಾಲಿನ ರಕ್ಷಣೆ ಮೈಯಲ್ಲಿ ಉಳಿದಿದ್ದರೆ ಅದೇ ಲಸಿಕೆಗೆ ಅಡ್ಡ ಬರುತ್ತದೆ. ಈಗ ಆ ಯೋಚನೆ ಬಿಡಿ. ದಿನಕ್ಕೆ ನಾಲ್ಕು ಸಲ ಜ್ವರ ನೋಡಿ, ಬೆಳಿಗ್ಗೆ ಒಮ್ಮೆ ತೂಕ ಮಾಡಿ, ಇಲ್ಲಿ ಬರೆಯಿರಿ.

ಹಾವೇರಿಯಿಂದ ಒಬ್ಬರು

ಅಕ್ಕಾ, ಜ್ವರ 104 ಇದ್ದರೆ ಮಕ್ಕಳ ಪ್ಯಾರಾಸಿಟಮಾಲ್ ಕಾಲು ಚಮಚ ಕೊಡಿ. ನಮ್ಮ ನಾಯಿಗೆ ಕೊಟ್ಟಿದ್ವಿ, ಇಳಿದಿತ್ತು.

ಉತ್ತರ (ಪಶುವೈದ್ಯೆ)

ದಯವಿಟ್ಟು ಬೇಡ. ಎಲ್ಲರೂ ಇದನ್ನು ಓದಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರುವುದು ಆಗುವುದಿಲ್ಲ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಉಸಿರು ಕಟ್ಟುತ್ತದೆ. ಒಂದು ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಹುದು. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ಕಾಯಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಓಡಿ. ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ ಅಂತ ಗೊತ್ತು. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಹಾವೇರಿಯಿಂದ ಒಬ್ಬರು

ಗೊತ್ತಿರಲಿಲ್ಲ ಮೇಡಂ. ಅಕ್ಕಾ, ಕ್ಷಮಿಸಿ, ಕೊಟ್ಟಿಲ್ಲ ಅಲ್ವಾ?

ಕೇಶ್ವಾಪುರ

ಇಲ್ಲ ತಮ್ಮಾ, ಕೊಟ್ಟಿಲ್ಲ.

ಬೆಟಗೇರಿ, ಗದಗ

ತಂಗಿ, ಹೋದ ವರ್ಷ ನಮ್ಮ ಮನೆಯಲ್ಲಿ ಎರಡು ಮರಿಗಳಿಗೆ ಇದೇ ಆಯಿತು. ಒಂದು ಹೋಯಿತು, ಒಂದು ಉಳಿಯಿತು. ಉಳಿದದ್ದು ಈಗ ಮಗ್ಗದ ಗುಂಡಿಯಲ್ಲೇ ಮಲಗುತ್ತದೆ, ಇಳಿಯೋಕೂ ಜಾಗ ಬಿಡಲ್ಲ. ಹೋದ ಮರಿಗೆ ನಾವು ಎರಡು ದಿನ ತಡ ಮಾಡಿದ್ದೆವು. ನೀವು ಎರಡನೇ ದಿನವೇ ಸಲೈನ್ ಹಾಕಿಸಿದ್ದೀರಿ. ನನ್ನ ಹತ್ತಿರ ಚೇತರಿಕೆಯ ಡಬ್ಬಿ ಆಹಾರ ನಾಲ್ಕು ಉಳಿದಿವೆ, ಇನ್ನೂ ತಾರೀಕು ಮುಗಿದಿಲ್ಲ. ನಾಳೆ ನೂಲಿನ ಕೆಲಸಕ್ಕೆ ಹುಬ್ಬಳ್ಳಿಗೆ ಬರುವುದಿದೆ. ಸ್ಟೇಷನ್‌ನಿಂದ ನಿಮ್ಮ ಮನೆ ಹತ್ತಿರವೇ ಅಲ್ವಾ, ತಂದು ಕೊಡುತ್ತೇನೆ.

ಉತ್ತರ (ಪಶುವೈದ್ಯೆ)

ಕೊಡಿ ಅಣ್ಣಾ, ಆದರೆ ಒಳಗೆ ಹೋಗಬೇಡಿ. ಚೀಲ ಗೇಟಿಗೆ ನೇತುಹಾಕಿ ಬನ್ನಿ. ಮನೆಗೆ ಹೋದ ಮೇಲೆ ಚಪ್ಪಲಿ ಹೊರಗೇ ಬಿಡಿ, ಅದರ ಅಡಿಯನ್ನು ಬ್ಲೀಚ್ ನೀರಿನಲ್ಲಿ ತೊಳೆಯಿರಿ. ಉಳಿದ ನಿಮ್ಮ ಬೆಕ್ಕಿಗೆ ಇದೇ ರೋಗ ಮತ್ತೆ ಬರುವ ಭಯ ಕಡಿಮೆ, ಆದರೆ ಓಣಿಯಲ್ಲಿ ಬೇರೆ ಮರಿಗಳಿರುತ್ತವೆ.

ಕೇಶ್ವಾಪುರ, ಭಾನುವಾರ ರಾತ್ರಿ 2 ಗಂಟೆ

ಯಾರಾದರೂ ಎಚ್ಚರ ಇದ್ದೀರಾ? ಅರಳಿ ಮೈ ತಣ್ಣಗಾಗಿದೆ. ಥರ್ಮಾಮೀಟರ್ 98.2 ತೋರಿಸುತ್ತಿದೆ. ಎತ್ತಿದರೆ ಕತ್ತು ಜೋಲುತ್ತದೆ. ಕ್ಲಿನಿಕ್ ಬಾಗಿಲು ಹಾಕಿದೆ, ಫೋನ್ ಎತ್ತುತ್ತಿಲ್ಲ.

ಸಪ್ತಾಪುರ, ಧಾರವಾಡ

ನಾನಿದ್ದೇನೆ ಕಣವ್ವಾ. ಬಿಸಿನೀರಿನ ಬ್ಯಾಗ್ ಇದೆಯಾ? ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಸಿನೀರು ತುಂಬಿ ಟವೆಲ್ ಸುತ್ತು. ಮೈಗೆ ನೇರ ತಾಗಿಸಬೇಡ. ಒಂದು ಬೆನ್ನಿಗೆ, ಒಂದು ಹೊಟ್ಟೆಗೆ. ನಾನು ಮೇಡಂಗೆ ಫೋನ್ ಮಾಡುತ್ತಿದ್ದೇನೆ.

ಉತ್ತರ (ಪಶುವೈದ್ಯೆ)

ಎದ್ದೆ. ಅಕ್ಕ ಹೇಳಿದ್ದು ಸರಿ, ಮೊದಲು ಬೆಚ್ಚಗೆ ಮಾಡಿ. ಜೊತೆಗೆ ಸಕ್ಕರೆ ಇಳಿದಿರಬಹುದು. ಗಟ್ಟಿಯಾದ ಸಕ್ಕರೆ ನೀರು ಮಾಡಿ, ಬೆರಳಿನಿಂದ ಒಸಡಿಗೆ ಸವರಿ. ಸುರಿಯಬೇಡಿ, ಬರೀ ಸವರಿ. ಹತ್ತು ನಿಮಿಷಕ್ಕೊಮ್ಮೆ. 100 ದಾಟುವವರೆಗೆ ಹೊಟ್ಟೆಗೆ ಏನೂ ಬೇಡ, ತಣ್ಣಗಿರುವ ಕರುಳು ಕೆಲಸ ಮಾಡುವುದಿಲ್ಲ. ಕಾಲಿನ ಸೂಜಿ ಹಾಗೇ ಇದೆಯಾ? ಇದ್ದರೆ ಬೆಳಿಗ್ಗೆವರೆಗೆ ಕಾಯುವುದು ಬೇಡ. ಗ್ಲೂಕೋಸ್ ಹಾಕಬೇಕಾಗಬಹುದು. ಅರ್ಧ ಗಂಟೆ ಬೆಚ್ಚಗೆ ಮಾಡಿ, ಏಳದಿದ್ದರೆ ಧಾರವಾಡಕ್ಕೆ ಕರೆತನ್ನಿ, ನಾನು ಬಾಗಿಲು ತೆಗೆಯುತ್ತೇನೆ.

ಕೇಶ್ವಾಪುರ, 2.25

98.9.

ಕೇಶ್ವಾಪುರ, 2.50

99.8. ಸಕ್ಕರೆ ನೀರು ಸವರಿದಾಗ ನಾಲಿಗೆ ಆಡಿಸಿದಳು. ಮೊದಲು ಆಡಿಸುತ್ತಿರಲಿಲ್ಲ.

ಸಪ್ತಾಪುರ

ಮಲಗಬೇಡ. ಇಲ್ಲೇ ಇದ್ದೇನೆ, ಬರೀತಾ ಇರು.

ಕೇಶ್ವಾಪುರ, 3.40

100.6. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಅವ್ವ ಒಲೆಯ ಮುಂದೆಯೇ ಕೂತಿದ್ದಾಳೆ, ನೀರು ಆರಿದಂತೆಲ್ಲ ಕಾಯಿಸಿ ಕೊಡುತ್ತಿದ್ದಾಳೆ.

ಉತ್ತರ (ಪಶುವೈದ್ಯೆ)

ಒಳ್ಳೆಯದಾಯಿತು. ಬೆಳಿಗ್ಗೆ ಏಳಕ್ಕೇ ಕ್ಲಿನಿಕ್ ಮುಂದೆ ಇರಿ. ನಾನು ನಿಮ್ಮ ಡಾಕ್ಟರ್ ಜೊತೆ ಮಾತಾಡುತ್ತೇನೆ.

ಕೇಶ್ವಾಪುರ, ಸೋಮವಾರ ಸಂಜೆ

ಸಲೈನ್ ಜೊತೆ ಗ್ಲೂಕೋಸ್ ಸೇರಿಸಿದರು. ವಾಂತಿ ನಿನ್ನೆ ರಾತ್ರಿಯಿಂದ ಆಗಿಲ್ಲ. ಬೆಟಗೇರಿ ಅಣ್ಣ ಇಟ್ಟು ಹೋದ ಚೀಲ ಸಿಕ್ಕಿತು. ಡಬ್ಬಿಗಳ ಜೊತೆ ಸೂಜಿ ಇಲ್ಲದ ಸಿರಿಂಜ್ ಆರು ಇಟ್ಟಿದ್ದಾರೆ, ಒಂದು ಪೇಡೆ ಪೊಟ್ಟಣ ನಮಗೆ. ಈಗ ಎಷ್ಟು ತಿನ್ನಿಸಲಿ?

ಉತ್ತರ (ಪಶುವೈದ್ಯೆ)

ವಾಂತಿ ನಿಂತ ಮೇಲೆ ಕರುಳನ್ನು ಜಾಸ್ತಿ ಹೊತ್ತು ಖಾಲಿ ಬಿಡಬಾರದು, ಆಹಾರ ಸಿಕ್ಕರೇ ಅದರ ಪದರ ಬೇಗ ಬೆಳೆಯುವುದು. ಡಬ್ಬಿಯದನ್ನು ಬಿಸಿನೀರಿನಲ್ಲಿ ತೆಳ್ಳಗೆ ಮಾಡಿ. ಮೊದಲು 2 ಮಿಲಿ. ಒಂದು ಗಂಟೆ ನೋಡಿ, ವಾಂತಿ ಆಗದಿದ್ದರೆ ಮತ್ತೆ 2 ಮಿಲಿ. ರಾತ್ರಿಗೆ 4 ಮಿಲಿವರೆಗೆ ಹೋಗಬಹುದು. ಮರಿಯನ್ನು ಅಂಗಾತ ಮಲಗಿಸಬೇಡಿ. ಹೊಟ್ಟೆಯ ಮೇಲೆ ಕೂರಿಸಿ, ತಲೆ ನೇರ ಇರಲಿ, ಸಿರಿಂಜ್ ತುದಿಯನ್ನು ಕೆನ್ನೆಯ ಪಕ್ಕದಿಂದ ಹಾಕಿ, ನುಂಗುವುದಕ್ಕೆ ಬಿಡಿ. ಡಬ್ಬಿ ಮುಗಿದರೆ ಬೇಯಿಸಿದ ಕೋಳಿಯನ್ನು ಅದರ ನೀರಿನಲ್ಲೇ ನುಣ್ಣಗೆ ರುಬ್ಬಿ. ಉಪ್ಪು, ಅರಿಶಿನ, ಖಾರ ಏನೂ ಬೇಡ, ಈರುಳ್ಳಿ ಬೆಳ್ಳುಳ್ಳಿಯಂತೂ ಬೆಕ್ಕಿನ ರಕ್ತ ಕೆಡಿಸುತ್ತವೆ. ಆಕಳ ಹಾಲೂ ಬೇಡ, ಭೇದಿ ಹೆಚ್ಚುತ್ತದೆ.

ಕೇಶ್ವಾಪುರ, ಮಂಗಳವಾರ

ಬಿಳಿ ಕಣ 3,400!

ಸಪ್ತಾಪುರ

ಅವ್ವನಿಗೆ ಹೇಳಿದೆಯಾ? ಓದಿ ನನ್ನ ಕಣ್ಣಲ್ಲಿ ನೀರು ಬಂತು.

ಕೇಶ್ವಾಪುರ, ಬುಧವಾರ

ಮೇಡಂ, ಬೆಳಿಗ್ಗೆ ಒಂದು ನೋಡಿದೆ. ಮೂಗಿನ ಮೇಲೆ ಊಟ ಅಂಟಿತ್ತು. ಅದನ್ನು ಒರೆಸೋಕೆ ಹೋದೆ, ಅಷ್ಟರಲ್ಲಿ ತಾನೇ ಮುಂಗಾಲು ನೆಕ್ಕಿ ಮುಖ ತಿಕ್ಕಿಕೊಂಡಳು. ಎರಡು ಸಲ ತಿಕ್ಕಿ ಸುಸ್ತಾಗಿ ಕಾಲು ಹಾಗೇ ಗಾಳಿಯಲ್ಲಿ ಹಿಡಿದು ಕೂತಳು. ಆರು ದಿನದಿಂದ ಮೈ ನೆಕ್ಕಿಕೊಂಡೇ ಇರಲಿಲ್ಲ. ತೂಕ 690.

ಉತ್ತರ (ಪಶುವೈದ್ಯೆ)

ನನಗೆ ರಕ್ತದ ರಿಪೋರ್ಟ್‌ಗಿಂತ ಇದೇ ದೊಡ್ಡ ಸುದ್ದಿ. ಬೆಕ್ಕು ತನ್ನ ಮೈ ನೋಡಿಕೊಳ್ಳಲು ಶುರು ಮಾಡಿತು ಅಂದರೆ ಜೀವದ ಮೇಲೆ ಆಸೆ ತಿರುಗಿ ಬಂದಿದೆ. ತೂಕ ಇಳಿದದ್ದು ಸಹಜ. ನಾಳೆಯಿಂದ ಏರಬೇಕು, ಏರದಿದ್ದರೆ ಹೇಳಿ. ಆಂಟಿಬಯಾಟಿಕ್ ನಿಮ್ಮ ಡಾಕ್ಟರ್ ಹೇಳಿದ ದಿನದವರೆಗೆ ಪೂರ್ತಿ ಆಗಲಿ.

ಕೇಶ್ವಾಪುರ

ಮನೆಯಲ್ಲಿ ನಾಲ್ಕು ವರ್ಷದ ಕರಿಯ ಇದ್ದಾನೆ. ಚಿಕ್ಕವನಿದ್ದಾಗ ಲಸಿಕೆ ಆಗಿದೆ, ಆಮೇಲೆ ಹಾಕಿಸಿಲ್ಲ. ಪಡಸಾಲೆಯನ್ನೆಲ್ಲ ಫಿನೈಲ್ ಹಾಕಿ ಒರೆಸಿದೆ, ಸಾಕಾ? ಪಕ್ಕದ ಮನೆ ನಾಯಿಗೆ, ನಮಗೆ ತಗಲುತ್ತದಾ?

ಉತ್ತರ (ಪಶುವೈದ್ಯೆ)

ಮನುಷ್ಯರಿಗೆ ಬರುವುದಿಲ್ಲ. ಬೆಕ್ಕಿನ ಈ ವೈರಸ್ ನಾಯಿಗೂ ರೋಗ ತರುವುದಿಲ್ಲ. ಫಿನೈಲ್ ಮಾತ್ರ ಇವತ್ತೇ ನಿಲ್ಲಿಸಿ. ಅದು ಬೆಕ್ಕಿಗೆ ವಿಷ, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ಸಾಕು. ಈ ವೈರಸ್ಸಿಗೆ ಅದು ನಂಬಿಕೆಯ ಔಷಧವೂ ಅಲ್ಲ. ಮೊದಲು ಸೋಪಿನ ನೀರಿನಲ್ಲಿ ನೆಲ ತೊಳೆಯಿರಿ, ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡಲ್ಲ. ಆಮೇಲೆ ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಹಸಿಯಾಗಿರಲಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ. ಒಣಗುವವರೆಗೆ ಬೆಕ್ಕುಗಳು ಆ ಕೋಣೆಗೆ ಬರಬಾರದು. ಬ್ಲೀಚ್ ಜೊತೆ ಆಸಿಡ್ ಆಗಲಿ ಬಚ್ಚಲು ತೊಳೆಯುವ ದ್ರವ ಆಗಲಿ ಬೆರೆಸಬೇಡಿ, ಆ ಹೊಗೆ ನಿಮಗೇ ಅಪಾಯ. ಮಲದ ಮಣ್ಣು, ಹಾಸಿದ ಹಳೇ ಸೀರೆ ತುಂಡು ಸುಟ್ಟುಬಿಡಿ.

ಕರಿಯನಿಗೆ ರಕ್ಷಣೆ ಇರುವ ಸಾಧ್ಯತೆ ಹೆಚ್ಚು. ಹುಷಾರಾಗಿದ್ದರೆ ಬೂಸ್ಟರ್ ಹಾಕಿಸಿ. ಅರಳಿ ಗುಣವಾದ ಮೇಲೂ ಆರು ವಾರದವರೆಗೆ ಮಲದಲ್ಲಿ ವೈರಸ್ ಬಿಡಬಹುದು. ಅಲ್ಲಿಯವರೆಗೆ ಬೇರೆ ಮರಿಗಳ ಹತ್ತಿರ ಬಿಡಬೇಡಿ, ಹೊಸ ಮರಿ ತರಬೇಡಿ. ಅವಳಿಗೆ ಈ ರೋಗ ಇನ್ನು ಬರುವುದಿಲ್ಲ ಎನ್ನಬಹುದು. ಆದರೂ ಪೂರ್ತಿ ಗಟ್ಟಿಯಾದ ಮೇಲೆ ಲಸಿಕೆ ಬೇಕೇ ಬೇಕು, ಆ ಇಂಜೆಕ್ಷನ್‌ನಲ್ಲಿ ಬೆಕ್ಕಿನ ಶೀತ ರೋಗಗಳ ಎರಡು ಲಸಿಕೆಗಳೂ ಇರುತ್ತವೆ. ರೇಬೀಸ್ ಬೇರೆ.

ಕೇಶ್ವಾಪುರ, ಮುಂದಿನ ಭಾನುವಾರ

810 ಗ್ರಾಂ. ಬಿಳಿ ಕಣ 8,900. ಮಲ ಗಟ್ಟಿಯಾಗಿದೆ. ಇವತ್ತು ಸಿರಿಂಜ್ ತಂದರೆ ಅದನ್ನು ಪಂಜದಿಂದ ತಳ್ಳಿ ಬಟ್ಟಲಿಗೇ ಬಾಯಿ ಹಾಕಿದಳು. ಬಾಲ ನೆಟ್ಟಗೆ ನಿಂತಿತ್ತು. ಸಪ್ತಾಪುರದ ಅಕ್ಕಾ, ಆ ರಾತ್ರಿ ನೀವು ಬರೀತಾ ಇರು ಅಂದಿರಲ್ಲ, ಅದಕ್ಕೇ ನಾನು ಕೈ ಬಿಡಲಿಲ್ಲ. ಬೆಟಗೇರಿ ಅಣ್ಣಾ, ಎರಡು ಡಬ್ಬಿ ಒಡೆದೇ ಇಲ್ಲ.

ಗೋಕುಲ ರೋಡ್, ಹುಬ್ಬಳ್ಳಿ

ಅಕ್ಕಾ, ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಿನ್ನೆ ರಾತ್ರಿಯಿಂದ ನಮ್ಮ ಮರಿಯೂ ನೀರಿನ ಬಟ್ಟಲಿನ ಮುಂದೆ ಹಾಗೇ ಕೂತಿದೆ. ಎರಡು ಸಲ ವಾಂತಿ ಆಯಿತು. ಕೈಕಾಲು ಆಡುತ್ತಿಲ್ಲ ನನಗೆ.

ಕೇಶ್ವಾಪುರ

ಹೆದರಬೇಡ ತಂಗಿ. ಕಾಯಬೇಡ, ಈಗಲೇ ಕರೆದುಕೊಂಡು ಹೋಗು. ಆ ಎರಡು ಡಬ್ಬಿ, ಬಿಸಿನೀರಿನ ಬ್ಯಾಗ್ ಬ್ಲೀಚ್ ನೀರಿನಲ್ಲಿ ಒರೆಸಿ ಸಂಜೆ ನಿನ್ನ ಗೇಟಿಗೆ ನೇತುಹಾಕಿ ಬರುತ್ತೇನೆ. ರಾತ್ರಿ ನಾನು ಎಚ್ಚರ ಇರುತ್ತೇನೆ.

ಉತ್ತರ (ಪಶುವೈದ್ಯೆ)

ಮರಿಗೆ ಎಷ್ಟು ವಾರ? ಜ್ವರ ಎಷ್ಟಿದೆ, ತೂಕ ಎಷ್ಟಿದೆ, ಒಸಡಿನ ಬಣ್ಣ ಹೇಗಿದೆ ನೋಡಿ ಹೇಳಿ.