ಬಿಟಿ-ಸಿಟಿ ನಾರ್ಮಲ್, ಆದರೂ ಮುಟ್ಟು ನಿಲ್ಲುತ್ತಿಲ್ಲ: ಮುಂದೆ ಯಾವ ಟೆಸ್ಟ್?

ವಾರ್ಡ್_ಸಿಸ್ಟರ್:
ಹುಡುಗಿಗೆ 14 ವರ್ಷ, ತೂಕ 40 ಕೆಜಿ. ದೊಡ್ಡವಳಾದಾಗಿನಿಂದ ಪ್ರತಿ ಸಲ 9-10 ದಿನ ಮುಟ್ಟು, ಮೊದಲ ದಿನಗಳಲ್ಲಿ ಗಂಟೆಗೊಂದು ಪ್ಯಾಡ್. ಚಿಕ್ಕಂದಿನಿಂದಲೂ ಮೂಗಿನಲ್ಲಿ ರಕ್ತ ಬರುತ್ತದೆ. ಅಪ್ಪ-ಅಮ್ಮ ರಕ್ತಸಂಬಂಧದಲ್ಲೇ ಮದುವೆಯಾದವರು. ಹಿಮೋಗ್ಲೋಬಿನ್ 7.4, ಪ್ಲೇಟ್‌ಲೆಟ್ 2.8 ಲಕ್ಷ, ಬಿಟಿ (ಚುಚ್ಚಿದ ಮೇಲೆ ರಕ್ತ ನಿಲ್ಲಲು ಹಿಡಿಯುವ ಸಮಯ) 3 ನಿಮಿಷ, ಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 5 ನಿಮಿಷ. ಲ್ಯಾಬಿನ ಹೆಪ್ಪುಗಟ್ಟುವ ಟೆಸ್ಟುಗಳಾದ ಪಿಟಿ, ಎಪಿಟಿಟಿ, ಜೊತೆಗೆ ಸ್ಕ್ಯಾನ್ ಎಲ್ಲ ನಾರ್ಮಲ್. ವಯಸ್ಸಿನ ತೊಂದರೆ ಅಂತ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಬಹುದೇ?

ಹೆಪ್ಪು_ನೋಡುವವ:
ಕಳಿಸಬೇಡಿ ಸಿಸ್ಟರ್. ಈ ಚಿತ್ರಕ್ಕೆ ಮೊದಲು ಅನುಮಾನಿಸಬೇಕಾದದ್ದು ವಾನ್ ವಿಲ್ಲೆಬ್ರಾಂಡ್ ಕಾಯಿಲೆಯನ್ನು (ವಿಡಬ್ಲ್ಯೂಡಿ): ರಕ್ತ ನಿಲ್ಲಿಸಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ (ವಿಡಬ್ಲ್ಯೂಎಫ್) ಎಂಬ ಪ್ರೋಟೀನ್ ಕಡಿಮೆಯಿರುವ ಅಥವಾ ಸರಿಯಾಗಿ ಕೆಲಸ ಮಾಡದ, ಹುಟ್ಟಿನಿಂದಲೇ ಬರುವ ಕಾಯಿಲೆ. ಬಿಟಿ-ಸಿಟಿಯನ್ನು ಮರೆತುಬಿಡಿ. ಚುಚ್ಚುವ ಲ್ಯಾನ್ಸೆಟ್ ಎಷ್ಟು ಆಳಕ್ಕೆ ಇಳಿಯಿತು ಎಂಬುದರ ಮೇಲೆ ಬಿಟಿ ಬದಲಾಗುತ್ತದೆ. ಫ್ಯಾಕ್ಟರ್ (ಹೆಪ್ಪುಗಟ್ಟಿಸುವ ಪ್ರೋಟೀನ್) ತೀರಾ ತಳಕ್ಕೆ ಬೀಳುವವರೆಗೆ ಸಿಟಿ ಏನನ್ನೂ ಹೇಳುವುದಿಲ್ಲ. ಎಪಿಟಿಟಿಯೂ ಅಷ್ಟೇ: ಫ್ಯಾಕ್ಟರ್ 8 ಸಾಕಷ್ಟು ಇಳಿದಿದ್ದರೆ ಮಾತ್ರ ಅದು ಉದ್ದವಾಗುತ್ತದೆ. ಹಾಗಾಗಿ ಈ ಕಾಯಿಲೆಯ ಎಷ್ಟೋ ಜನರಲ್ಲಿ ಅದು ನಾರ್ಮಲ್ ಆಗಿಯೇ ಬರುತ್ತದೆ.

ಮಾಡಿಸಬೇಕಾದದ್ದು ಮೂರು: ವಿಡಬ್ಲ್ಯೂಎಫ್ ಆಂಟಿಜೆನ್ (ಎಷ್ಟಿದೆ), ವಿಡಬ್ಲ್ಯೂಎಫ್ ಆಕ್ಟಿವಿಟಿ (ಎಷ್ಟು ಕೆಲಸ ಮಾಡುತ್ತದೆ), ಫ್ಯಾಕ್ಟರ್ 8. ವಿಡಬ್ಲ್ಯೂಎಫ್ ಮಟ್ಟ 30%ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಖಚಿತ. 30ರಿಂದ 50ರ ಒಳಗಿದ್ದು ರಕ್ತಸ್ರಾವವೂ ಇದ್ದರೆ ಕಾಯಿಲೆಯೆಂದೇ ಪರಿಗಣಿಸುತ್ತಾರೆ. ಆಕ್ಟಿವಿಟಿಯನ್ನು ಆಂಟಿಜೆನ್‌ನಿಂದ ಭಾಗಿಸಿದಾಗ 0.7ಕ್ಕಿಂತ ಕಡಿಮೆ ಬಂದರೆ ಟೈಪ್ 2 (ಪ್ರೋಟೀನ್ ಇದ್ದೂ ಸರಿಯಾಗಿ ಕೆಲಸ ಮಾಡದ ಬಗೆ) ಹುಡುಕಬೇಕು. ಅತ್ತು ರಂಪ ಮಾಡಿದರೂ, ಜ್ವರವಿದ್ದರೂ, ಈಸ್ಟ್ರೋಜನ್ ಮಾತ್ರೆ ನುಂಗುತ್ತಿದ್ದರೂ ಮಟ್ಟ ಏರುತ್ತದೆ. ಆದ್ದರಿಂದ ಒಮ್ಮೆ ನಾರ್ಮಲ್ ಬಂತೆಂದು ಫೈಲು ಮುಚ್ಚಬೇಡಿ, ಇನ್ನೊಮ್ಮೆ ಮಾಡಿಸಿ.

ನೀಲಿ_ಮುಚ್ಚಳ:
ಲ್ಯಾಬ್ ಕಡೆಯಿಂದ ಒಂದು ಮಾತು. 3.2% ಸಿಟ್ರೇಟ್ (ಹೆಪ್ಪು ತಡೆಯುವ ದ್ರಾವಣ) ಇರುವ ಟ್ಯೂಬಿಗೆ ಗೆರೆ ಮುಟ್ಟುವಷ್ಟು ರಕ್ತ ಬೇಕು: 0.3 ಎಂಎಲ್ ಸಿಟ್ರೇಟಿಗೆ 2.7 ಎಂಎಲ್. ಕಡಿಮೆ ತುಂಬಿದರೆ ಮಿಕ್ಕ ಸಿಟ್ರೇಟ್ ಟೆಸ್ಟಿನಲ್ಲಿ ಸೇರಿಸುವ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ, ಸಮಯ ಸುಳ್ಳುಸುಳ್ಳೇ ಉದ್ದವಾಗುತ್ತದೆ. ಇನ್ನೊಂದು ತಪ್ಪು ಟ್ಯೂಬನ್ನು ಐಸ್ ಪೆಟ್ಟಿಗೆಗೆ ಹಾಕುವುದು. ತಣ್ಣಗಿಟ್ಟ ಇಡೀ ರಕ್ತದಲ್ಲಿ ವಿಡಬ್ಲ್ಯೂಎಫ್ ಇಳಿದು, ಇಲ್ಲದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಕೋಣೆಯ ಉಷ್ಣತೆಯಲ್ಲಿಟ್ಟು 4 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ಲ್ಯಾಬ್ ದೂರವಿದ್ದರೆ ಟ್ಯೂಬ್ ಬೇಡ, ಹುಡುಗಿಯನ್ನೇ ಕಳಿಸಿ.

ರಕ್ತಸಂಬಂಧದ ಮದುವೆ ಅಂದಿರಿ. ಹಾಗಾದರೆ ಗ್ಲಾನ್ಜ್‌ಮನ್ ಎಂಬ ವಂಶವಾಹಿ ಪ್ಲೇಟ್‌ಲೆಟ್ ಕಾಯಿಲೆ ಕೂಡ ತಲೆಯಲ್ಲಿರಲಿ: ಪ್ಲೇಟ್‌ಲೆಟ್ ಲೆಕ್ಕ ಸರಿಯಿರುತ್ತದೆ, ಆದರೆ ಅವು ಒಂದಕ್ಕೊಂದು ಅಂಟುವುದಿಲ್ಲ. ಇದಕ್ಕೆ ಸುಳಿವು ನಿಮ್ಮಲ್ಲೇ ಸಿಗುತ್ತದೆ. ಹೆಪ್ಪು ತಡೆಯುವ ಇಡಿಟಿಎ ಟ್ಯೂಬಿನಿಂದಲ್ಲ, ಬೆರಳು ಚುಚ್ಚಿ ಬಂದ ಹನಿಯಿಂದಲೇ ಗಾಜಿನ ಮೇಲೆ ನೇರ ಸ್ಮಿಯರ್ ಎಳೆದು ಮೈಕ್ರೋಸ್ಕೋಪಿನಲ್ಲಿ ನೋಡಿ. ಸಾಮಾನ್ಯವಾಗಿ ಪ್ಲೇಟ್‌ಲೆಟ್‌ಗಳು ಅಲ್ಲಲ್ಲಿ ಗುಂಪುಗುಂಪಾಗಿರುತ್ತವೆ. ಎಲ್ಲವೂ ಒಂಟೊಂಟಿಯಾಗಿ ಚೆಲ್ಲಿದಂತೆ ಕಂಡರೆ ಅವು ಅಂಟುತ್ತವೆಯೇ ಎಂದು ಅಳೆಯುವ ಅಗ್ರಿಗೊಮೆಟ್ರಿ ಟೆಸ್ಟಿಗೆ ಬರೆಯಿರಿ.

ವಾರ್ಡ್_ಸಿಸ್ಟರ್:
ರಿಪೋರ್ಟ್ ಬರುವವರೆಗೆ ಏನು ಕೊಡುವುದು? ಹೊಟ್ಟೆನೋವಿಗೆ ಮೆಫೆನಾಮಿಕ್ ಆಸಿಡ್ ತೆಗೆದುಕೊಳ್ಳುತ್ತಿದ್ದಾಳೆ.

ಹೆಪ್ಪು_ನೋಡುವವ:
ಅದನ್ನು ಇವತ್ತೇ ನಿಲ್ಲಿಸಿ! ಮೆಫೆನಾಮಿಕ್, ಐಬುಪ್ರೊಫೆನ್, ಆಸ್ಪಿರಿನ್ ಮೂರೂ ಪ್ಲೇಟ್‌ಲೆಟ್ ಕೆಲಸ ಕೆಡಿಸುತ್ತವೆ. ನೋವಿಗೆ ಪ್ಯಾರಸಿಟಮಾಲ್ ಸಾಕು. ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೆಜಿಗೆ 25 ಮಿಗ್ರಾಂ, ಅಂದರೆ ಇವಳಿಗೆ 500ರ ಎರಡು ಮಾತ್ರೆ, ದಿನಕ್ಕೆ ಮೂರು ಹೊತ್ತು, ಸ್ರಾವ ಜೋರಾಗಿರುವ 4-5 ದಿನ. ವೈದ್ಯರು ನೋಡಿ ಬರೆದುಕೊಡಲಿ. ಮೂತ್ರದಲ್ಲಿ ರಕ್ತವಿದ್ದರೆ ಬೇಡ, ಹೆಪ್ಪು ಮೂತ್ರನಾಳದಲ್ಲಿ ಸಿಕ್ಕಿಕೊಳ್ಳಬಹುದು. ಈಗಲೂ ಹರಿಯುತ್ತಿದ್ದು ತಲೆ ಸುತ್ತುತ್ತಿದ್ದರೆ, ನಾಡಿ ಓಡುತ್ತಿದ್ದರೆ ಅಡ್ಮಿಟ್ ಮಾಡಿಸಿ. ಕಬ್ಬಿಣದ ಮಾತ್ರೆ ಬೇಕೇ ಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ 3 ತಿಂಗಳು ಮುಂದುವರಿಸಿ, ಚಹಾದ ಜೊತೆ ಬೇಡ.

ಕ್ರಯೋ:
ವಿಡಬ್ಲ್ಯೂಡಿ ಎಂದು ಗೊತ್ತಾದ ಮೇಲೆ ಆಗುವ ಎಡವಟ್ಟು ಬೇರೆ. ಫ್ರಿಜ್ಜಿನಲ್ಲಿ ಹಿಮೋಫಿಲಿಯಾಕ್ಕೆಂದು ಇಟ್ಟ ಫ್ಯಾಕ್ಟರ್ 8 ಇದೆ, ಹಾಕಿಬಿಡೋಣ ಅನ್ನುತ್ತಾರೆ. ರಿಕಾಂಬಿನಂಟ್ ಫ್ಯಾಕ್ಟರ್ 8ರಲ್ಲಿ ವಿಡಬ್ಲ್ಯೂಎಫ್ ಇರುವುದೇ ಇಲ್ಲ. ಬೇಕಾದದ್ದು ಪ್ಲಾಸ್ಮಾದಿಂದ ತೆಗೆದ, ವಿಡಬ್ಲ್ಯೂಎಫ್ ಇದೆಯೆಂದು ಲೇಬಲ್ ಮೇಲೆ ಬರೆದಿರುವ ಬಾಟಲಿ. ಅದು ಸಿಗದೆ ತುರ್ತು ಬಂದರೆ ಕ್ರಯೋಪ್ರೆಸಿಪಿಟೇಟ್ (ಪ್ಲಾಸ್ಮಾದಿಂದ ಬೇರ್ಪಡಿಸಿದ, ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿರುವ ಭಾಗ).

ಟೈಪ್ 1 (ಪ್ರೋಟೀನ್ ಕಡಿಮೆಯಿರುವ ಬಗೆ) ಆಗಿದ್ದರೆ ವಿಡಬ್ಲ್ಯೂಎಫ್ ಮಟ್ಟ ಏರಿಸುವ ಡೆಸ್ಮೋಪ್ರೆಸಿನ್ ಸಾಕಾಗಬಹುದು: ಕೆಜಿಗೆ 0.3 ಮೈಕ್ರೋಗ್ರಾಂ, 50 ಎಂಎಲ್ ಸಲೈನ್‌ನಲ್ಲಿ, 30 ನಿಮಿಷ. ಮೊದಲು ಒಮ್ಮೆ ಪರೀಕ್ಷಾರ್ಥ ಕೊಟ್ಟು 1 ಗಂಟೆ, 4 ಗಂಟೆಗೆ ಮಟ್ಟ ನೋಡಬೇಕು. ಆಮೇಲೆ 24 ಗಂಟೆ ನೀರು ಕುಡಿಯುವುದಕ್ಕೆ ಮಿತಿ ಹಾಕದಿದ್ದರೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಟೈಪ್ 2ರ ಒಂದು ಬಗೆಯಾದ 2ಬಿಯಲ್ಲಿ ಇದನ್ನು ಕೊಟ್ಟರೆ ಪ್ಲೇಟ್‌ಲೆಟ್ ಕುಸಿಯುತ್ತವೆ, ಅದಕ್ಕೇ ಟೈಪ್ ಗೊತ್ತಾಗದೆ ಇದನ್ನು ಮುಟ್ಟಬೇಡಿ. ಹಾಗೆಯೇ ತಾಯಿಗೂ ಅಕ್ಕತಂಗಿಯರಿಗೂ ಮುಟ್ಟು ಎಷ್ಟು ದಿನ ಎಂದು ಕೇಳಿ. "ನಮ್ಮನೇಲಿ ಎಲ್ರಿಗೂ ಹೀಗೇ" ಅಂದರೆ ಅವರ ರಕ್ತವನ್ನೂ ಕಳಿಸಿ.